ಕ್ಯಾಮೆರಾ ಬರೋದು ಜನ ಸೇರಿದ ಮೇಲೆ

ಯಾವ್ದೋ ದೇಶದಲ್ಲಿ ಗಲಾಟೆ ಅಂತ ಬ್ರೇಕಿಂಗ್ ನ್ಯೂಸ್ ಬರುತ್ತೆ. ಉರಿಯೋ ಟೈರ್, ಅಶ್ರುವಾಯು, ಅಧ್ಯಕ್ಷರು ವಿಮಾನ ಹತ್ತಿದ್ರು, ಮುಗೀತು. ಯಾಕೆ ಅಂತ ಕೇಳಿದ್ರೆ ಬೆಲೆ ಏರಿಕೆ, ಭ್ರಷ್ಟಾಚಾರ ಅಂತಾರೆ, ಅದು ಯಾವ ದೇಶಕ್ಕೆ ಬೇಕಾದ್ರೂ ಹೊಂದುತ್ತೆ ಬಿಡಿ.

ಇದು ಇವತ್ತಿನ ರೋಗ ಅಲ್ಲ. ವಿದೇಶಿ ಸುದ್ದಿ ತುಂಬಾ ಕಾಲ ರಾಯಿಟರ್ಸ್ ಥರದ ಕೆಲವೇ ಏಜೆನ್ಸಿಗಳ ಕೈಲಿತ್ತು, 1980ರಲ್ಲಿ ಯುನೆಸ್ಕೋದ ಮ್ಯಾಕ್‌ಬ್ರೈಡ್ ವರದಿ ಇದನ್ನ ಪ್ರಶ್ನೆ ಮಾಡ್ತು, ಅದೇ ವರ್ಷ ದಿನವಿಡೀ ಸುದ್ದಿ ಕೊಡೋ ಸಿಎನ್‌ಎನ್ ಶುರುವಾಯ್ತು, 1991ರ ಗಲ್ಫ್ ಯುದ್ಧದಲ್ಲಿ ಬಾಗ್ದಾದ್ ಮೇಲೆ ಬಾಂಬ್ ಬೀಳೋದು ಲೈವ್ ಬಂತು, ಆಮೇಲೆ ಖರ್ಚು ಜಾಸ್ತಿ ಅಂತ ಎಷ್ಟೋ ಸಂಸ್ಥೆಗಳು ಹೊರದೇಶದ ಬ್ಯೂರೋ ಮುಚ್ಚಿದ್ವು. ಅಲ್ಲೇ ವರ್ಷಗಟ್ಟಲೆ ಇದ್ದು ಭಾಷೆ ಕಲಿತವರು ಕಮ್ಮಿಯಾದ್ರು, ಗಲಾಟೆ ಆದ್ಮೇಲೆ ಫ್ಲೈಟ್ ಹತ್ತೋರು ಜಾಸ್ತಿಯಾದ್ರು.

ಇದರ ಫಲ ಸರಿಯಾಗಿ ಕಂಡಿದ್ದು ಅಧ್ಯಕ್ಷ ಮುಬಾರಕ್ ವಿರುದ್ಧ ಜನ ಎದ್ದ 2011ರ ಈಜಿಪ್ಟ್‌ನಲ್ಲಿ. ಜನ ಸೇರಿದ್ದ ಕೈರೋದ ತಹ್ರೀರ್ ಚೌಕ ಹೋಟೆಲ್ ಬಾಲ್ಕನಿಯಿಂದಾನೇ ಕಾಣುತ್ತೆ, ಇಂಗ್ಲಿಷ್ ಮಾತಾಡೋ ಹುಡುಗ್ರು ಕೈಗೆ ಸಿಗ್ತಾರೆ, ಸರಿ, 'ಫೇಸ್‌ಬುಕ್ ಕ್ರಾಂತಿ' ಅಂತ ಹೆಸರಿಟ್ಟಾಯ್ತು. ಆದ್ರೆ ಜನವರಿ 28ರ ಹೊತ್ತಿಗೆ ಸರ್ಕಾರ ಇಂಟರ್ನೆಟ್ಟೇ ಬಂದ್ ಮಾಡಿತ್ತು, ಅವತ್ತೇ ಜನ ಇನ್ನೂ ಜಾಸ್ತಿ ಬೀದಿಗಿಳಿದ್ರು! ಅದರ ಬೇರು ಬೇರೆ ಕಡೆನೂ ಇತ್ತು. ಮಹಲ್ಲಾ ಅನ್ನೋ ಜವಳಿ ಪಟ್ಟಣದಲ್ಲಿ 2006ರಲ್ಲೇ ಸಾವಿರಾರು ಕಾರ್ಮಿಕರು ಗಿರಣಿ ನಿಲ್ಸಿದ್ರು, 2008ರ ಏಪ್ರಿಲ್ 6ರಂದು ಮತ್ತೆ ಸ್ಟ್ರೈಕಿಗೆ ಹೊರಟ್ರು, 2011ರ ಪ್ರತಿಭಟನೆಲಿ ಮುಂದಿದ್ದ ಏಪ್ರಿಲ್ 6 ಯುವ ಚಳವಳಿಗೆ ಆ ಹೆಸರು ಬಂದಿದ್ದೇ ಅಲ್ಲಿಂದ. ಮುಬಾರಕ್ ಇಳಿಯೋ ಕೊನೇ ದಿನಗಳಲ್ಲಂತೂ ದೇಶದ ತುಂಬಾ ಮುಷ್ಕರ. ಕಾರ್ಖಾನೆ ಗೇಟು ಟೀವಿಲಿ ಚೆನ್ನಾಗಿ ಕಾಣಲ್ಲ ಅನ್ಸುತ್ತೆ. ಫೆಬ್ರವರಿ 11ಕ್ಕೆ ಮುಬಾರಕ್ ಹೋದ್ರು, ಕ್ಯಾಮೆರಾಗಳು ಲಿಬಿಯಾಗೆ ಓಡಿದ್ವು, ಮಾರ್ಚ್‌ನಲ್ಲಿ ಜಪಾನಿನ ಸುನಾಮಿಗೆ. ಅಧಿಕಾರ ಯಾರ ಕೈಗೆ ಹೋಯ್ತು? ಸೇನಾ ಮಂಡಳಿ ಕೈಗೆ, ಅದನ್ನ ಗಮನಿಸಿದವರು ಕಮ್ಮಿ. ಹಾಗಾಗಿ 2013ರ ಜುಲೈನಲ್ಲಿ ಸೇನೆ ಚುನಾಯಿತ ಅಧ್ಯಕ್ಷ ಮೊರ್ಸಿನ ಇಳಿಸಿದಾಗ ಎಷ್ಟೋ ಜನಕ್ಕೆ ಅದು ಆಕಾಶದಿಂದ ಬಿದ್ದ ಸುದ್ದಿ ಥರ ಕಂಡಿತ್ತು.

ಶ್ರೀಲಂಕಾದ್ದೂ ಅದೇ ಕಥೆ. 2022ರ ಜುಲೈನಲ್ಲಿ ಜನ ನುಗ್ಗಿದ ಅಧ್ಯಕ್ಷರ ಮನೆ ಸ್ವಿಮ್ಮಿಂಗ್ ಪೂಲ್ ಎಲ್ಲರೂ ನೋಡಿದ್ರು, ಆರ್ಥಿಕ ಬಿಕ್ಕಟ್ಟಿಗೆ ದಾರಿ ಮಾಡಿದ 2019ರ ತೆರಿಗೆ ಕಡಿತ, 2021ರ ರಾಸಾಯನಿಕ ಗೊಬ್ಬರದ ನಿಷೇಧ ಎಷ್ಟು ಜನಕ್ಕೆ ನೆನಪಿದೆ?

ಸುಡಾನ್‌ದು ಇನ್ನೂ ಬೇಜಾರು. 2019ರಲ್ಲಿ ಅಧ್ಯಕ್ಷ ಬಷೀರ್ ವಿರುದ್ಧ ಜನ ಬೀದಿಗಿಳಿದಾಗ ಕಾರ್ ಮೇಲೆ ನಿಂತ ಬಿಳಿ ಬಟ್ಟೆ ಹುಡುಗಿ ಫೋಟೋ ಪ್ರಪಂಚ ಸುತ್ತಿತು, 2021ರ ಸೇನಾ ದಂಗೆ ಸಣ್ಣ ಸುದ್ದಿಯಾಯ್ತು, 2023ರ ಏಪ್ರಿಲ್‌ನಲ್ಲಿ ಸೇನೆ ಮತ್ತು ಅರೆಸೇನಾ ಪಡೆ ಆರ್‌ಎಸ್‌ಎಫ್ ಮಧ್ಯೆ ಯುದ್ಧ ಶುರುವಾದ್ಮೇಲೆ ಲಕ್ಷಾಂತರ ಜನ ಊರು ಬಿಟ್ರು, ಆ ಹೊತ್ತಿಗೆ ಅಲ್ಲಿ ಉಳಿದಿದ್ದ ಹೊರಗಿನ ವರದಿಗಾರರು ಬೆರಳೆಣಿಕೆಯಷ್ಟು.