ಕ್ವಾರ್ಟರ್ ಅಂದ್ರೆ ಒಂದಲ್ಲ

ಮದ್ಯಪಾನದ ಬಗ್ಗೆ ಸಂಶೋಧನೆ ಮಾಡಲು ಬರುವ ಹೊಸಬರಿಗೆ ಮೊದಲ ದಿನ ನಾನು ಪುಸ್ತಕ ಕೊಡುವುದಿಲ್ಲ. ಒಂದು ಕೊಡ ನೀರು, ನಾಲ್ಕೈದು ಬಗೆಯ ಲೋಟ, ಅಳತೆ ಜಾಡಿ ಇಟ್ಟು, "ಒಂದು ಪೆಗ್ ಸುರೀರಿ" ಅನ್ನುತ್ತೇನೆ. ಎಲ್ಲರೂ ಎಂ.ಎಸ್ಸಿ. ಮುಗಿಸಿದವರು. ಒಬ್ಬರ ಪೆಗ್ 30 ಎಂ.ಎಲ್. ಬರುತ್ತದೆ, ಇನ್ನೊಬ್ಬರದು 70.

ಇದು ತಮಾಷೆಯಲ್ಲ. ನಮ್ಮಲ್ಲಿ ಸಿಗುವ ಬ್ರಾಂದಿ, ವಿಸ್ಕಿ, ರಮ್‌ನಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಒಂದು ಡ್ರಿಂಕ್ ಅಂದರೆ 10 ಗ್ರಾಂ ಆಲ್ಕೋಹಾಲ್ ಅಂತ ಹಿಡಿದರೆ, ನೈಂಟಿ (90 ಎಂ.ಎಲ್.) ಅಂದರೆ ಮೂರು ಡ್ರಿಂಕ್, ಕ್ವಾರ್ಟರ್ (180 ಎಂ.ಎಲ್.) ಅಂದರೆ ಆರು. ವಿಶ್ವ ಆರೋಗ್ಯ ಸಂಸ್ಥೆಯ 'ಆಡಿಟ್' ಪ್ರಶ್ನಾವಳಿಯಲ್ಲಿ ಹತ್ತು ಪ್ರಶ್ನೆಗಳಿವೆ. ಅಂಕ 8 ಮುಟ್ಟಿದರೆ ತೊಂದರೆಯ ಕುಡಿತ ಅಂತ ಲೆಕ್ಕ. "ದಿನಾ ಒಂದೇ ಸರ್, ಒಂದು ಕ್ವಾರ್ಟರ್" ಅಂದವನ ಮುಂದೆ ನಮ್ಮ ಹುಡುಗ 'ಒಂದು' ಅಂತ ಬರೆದುಕೊಂಡರೆ ಮೊದಲ ಮೂರು ಪ್ರಶ್ನೆಗೆ (ಎಷ್ಟು ದಿನಕ್ಕೊಮ್ಮೆ, ಒಂದು ಸಲಕ್ಕೆ ಎಷ್ಟು ಡ್ರಿಂಕ್, ಆರು ಅಥವಾ ಹೆಚ್ಚು ಎಷ್ಟು ಸಲ) ಸಿಗುವುದು ನಾಲ್ಕು ಅಂಕ. ಸರಿಯಾಗಿ 'ಆರು' ಅಂತ ಬರೆದರೆ ಹತ್ತು. ಮನುಷ್ಯ ಅದೇ, ಬಾಟಲಿ ಅದೇ.

ಕೇಳುವ ಮಾತೂ ಮುಖ್ಯ. "ಕುಡೀತೀರಾ?" ಅಂದರೆ ನಮ್ಮ ಕಡೆ ಅರ್ಧ ಜನ "ಛೆ ಛೆ, ಇಲ್ಲಪ್ಪ" ಅನ್ನುತ್ತಾರೆ. ಅವರ ಕಿವಿಗೆ ಅದು 'ನೀವು ಕುಡುಕರಾ?' ಅಂತ ಕೇಳಿಸುತ್ತದೆ. "ಯಾವಾಗಲಾದರೂ ತಗೊಳ್ಳೋದುಂಟಾ?" ಅಂದರೆ ಬಾಯಿ ಬಿಡುತ್ತಾರೆ.

ಇಷ್ಟು ಕಲಿತವರೂ ವಯಸ್ಸು ಬದಲಾದಾಗ ಎಡವುತ್ತಾರೆ. "ಮೊದಲು ಯಾವಾಗ ರುಚಿ ನೋಡಿದ್ದು?" ಅಂತ ಒಂದು ಹುಡುಗನನ್ನು ಕೇಳಿದರೆ, ಶೀತ ಆದಾಗ ಅಜ್ಜಿ ಕೊಟ್ಟ ಚಮಚ ಬ್ರಾಂದಿಯನ್ನೂ ಸೇರಿಸಿ ಹೇಳುತ್ತಾನೆ. ಅದು ಬೇರೆ, ಗೆಳೆಯರ ಜೊತೆ ಕುಳಿತು ಮುಗಿಸಿದ ಮೊದಲ ಗ್ಲಾಸು ಬೇರೆ. ಗರ್ಭಿಣಿಯನ್ನು ಅತ್ತೆಯ ಎದುರು ಈ ಪ್ರಶ್ನೆ ಕೇಳಿದರೆ ಬರುವ ಉತ್ತರ ಅತ್ತೆಗೆ ಹೇಳಿದ್ದು, ನಮಗಲ್ಲ. ಇನ್ನು 70ರ ಅಜ್ಜ. ವಯಸ್ಸಾದಂತೆ ಮೈಯಲ್ಲಿ ನೀರಿನ ಅಂಶ ಕಡಿಮೆಯಾಗುತ್ತದೆ, ಹಾಗಾಗಿ 40ರಲ್ಲಿ ತಗೊಳ್ಳುತ್ತಿದ್ದ ಅದೇ ನೈಂಟಿ ಈಗ ರಕ್ತದಲ್ಲಿ ಜಾಸ್ತಿ ಏರುತ್ತದೆ. ಜೊತೆಗೆ ಬಿಪಿ ಮಾತ್ರೆ, ನಿದ್ದೆ ಮಾತ್ರೆ. ಬಚ್ಚಲಲ್ಲಿ ಜಾರಿ ಬಿದ್ದರೆ ಮನೆಯವರು "ವಯಸ್ಸಾಯ್ತಲ್ಲ" ಅಂತ ಸುಮ್ಮನಾಗುತ್ತಾರೆ. ನಮ್ಮ ಫಾರ್ಮೂ ಸುಮ್ಮನಾಗಿಬಿಡುತ್ತದೆ.

ನನ್ನ ದೊಡ್ಡ ತಕರಾರು ಏನೆಂದರೆ, ನಮ್ಮಲ್ಲಿ ತರಬೇತಿ ತುಂಡು ತುಂಡು. ಮಕ್ಕಳನ್ನು ನೋಡುವವರು ಮಕ್ಕಳನ್ನಷ್ಟೇ ನೋಡುತ್ತಾರೆ. ವ್ಯಸನಮುಕ್ತಿ ವಾರ್ಡಿನವರು ಕಥೆಯನ್ನು ಕೊನೆಯ ಪುಟದಿಂದ ಓದಿದವರು. ನಾನೂ ಹಾಗೇ ಓದಿದವನು. ಇಡೀ ಕಥೆ ಯಾಕೆ ಓದಬೇಕು ಅನ್ನುವುದಕ್ಕೆ ಒಂದು ಉದಾಹರಣೆ.

ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, 15 ವರ್ಷಕ್ಕೆ ಮೊದಲೇ ಕುಡಿಯಲು ಶುರು ಮಾಡಿದವರಲ್ಲಿ ಸುಮಾರು ಶೇ. 40ರಷ್ಟು ಜನ ಮುಂದೆ ಮದ್ಯಕ್ಕೆ ದಾಸರಾಗಿದ್ದರು. 20 ತುಂಬಿದ ಮೇಲೆ ಶುರು ಮಾಡಿದವರಲ್ಲಿ ಶೇ. 10ರಷ್ಟು. ಇದನ್ನು ಕೇಳಿದ ಕೂಡಲೇ ಕ್ಲಾಸಿನಲ್ಲಿ ಎಲ್ಲರೂ, "ಬೇಗ ಶುರು ಮಾಡಿದ್ದೇ ಕಾರಣ" ಅನ್ನುತ್ತಾರೆ. ಆಗ ಅಮೆರಿಕದ ಮಿದುಳು ಸಂಶೋಧಕ ಹೆನ್ರಿ ಬೆಗ್ಲೈಟರ್ ತಂಡ 1984ರಲ್ಲಿ ಮಾಡಿದ ಕೆಲಸ ತೋರಿಸುತ್ತೇನೆ. ಮದ್ಯವ್ಯಸನಿ ಅಪ್ಪಂದಿರ 7ರಿಂದ 13 ವರ್ಷದ ಗಂಡುಮಕ್ಕಳು, ಇನ್ನೂ ಮದ್ಯ ಮುಟ್ಟದವರು. ಆದರೂ ಅವರ ಮಿದುಳಿನಲ್ಲಿ, ಗಮನ ಸೆಳೆಯುವಂಥದ್ದು ಕಂಡಾಗ ಏಳುವ ಪಿ300 ಎಂಬ ವಿದ್ಯುತ್ ಅಲೆ ಬೇರೆ ಹುಡುಗರಿಗಿಂತ ಚಿಕ್ಕದಿತ್ತು. ಅಂದರೆ ವ್ಯತ್ಯಾಸ ಮೊದಲ ಗುಟುಕಿಗಿಂತ ಮುಂಚೆಯೇ ಇರಬಹುದು. ಹಾಗಾದರೆ ಬೇಗ ಶುರು ಮಾಡುವುದು ಕಾರಣವೋ, ಗುರುತೋ? ಅದಕ್ಕೇ ಅವೇ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಸಿ-ವೇದ ಅಧ್ಯಯನ ದೇಶದ ಏಳು ಕಡೆ 6ರಿಂದ 23 ವರ್ಷದವರನ್ನು ಸೇರಿಸಿಕೊಂಡದ್ದು ಇಂಥ ಪ್ರಶ್ನೆಗಳಿಗಾಗಿಯೇ.

ಒಂದೇ ಸಲ ಎಲ್ಲ ವಯಸ್ಸಿನವರನ್ನೂ ಕೇಳಿ ಮುಗಿಸಿದರೆ ಸಾಲದಾ ಅನ್ನುತ್ತಾರೆ. ಸಾಲದು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಇವತ್ತಿನ 45ರ ಕೂಲಿಯಾಳು ಪಾಕೆಟ್ ಸಾರಾಯಿಯಲ್ಲಿ ಶುರು ಮಾಡಿದವನು, 25ರ ಹುಡುಗ ಅದನ್ನು ಕಂಡೇ ಇಲ್ಲ. ಇಬ್ಬರನ್ನೂ ಪಕ್ಕ ಪಕ್ಕ ನಿಲ್ಲಿಸಿ 'ವಯಸ್ಸಿನ ಪರಿಣಾಮ' ಅಂತ ಬರೆದರೆ, ಸರ್ಕಾರದ ಆದೇಶವನ್ನು ಮೈಯ ಗುಣ ಅಂದಂತೆ, ಅಲ್ವಾ?

ನೆನಪು ಕೆದಕಲು ನಾವು ಕ್ಯಾಲೆಂಡರ್ ಬಳಸುತ್ತೇವೆ. ಜಾತ್ರೆ, ಹೊಸತೊಡಕು, ಬಟವಾಡೆ ದಿನ ಎಲ್ಲ ಗುರುತು ಹಾಕಿಕೊಂಡು ಹೋಗಬೇಕು. ಕಳೆದ ತಂಡದ ಒಬ್ಬ ಹುಡುಗಿ ಪಾಕೆಟ್ ನಿಂತ ವರ್ಷವನ್ನೂ ತಾನಾಗೇ ಸೇರಿಸಿಕೊಂಡಿದ್ದಳು. ಎದುರಿಗೆ ಕುಳಿತವನು, "ಪಾಕೆಟ್ ನಿಲ್ಲೋಕೆ ಎರಡು ವರ್ಷ ಮುಂಚೆ, ನಮ್ಮಕ್ಕನ ಮದುವೇಲಿ" ಅಂದ. ಲೆಕ್ಕ ಹಾಕಿದರೆ ಆಗ ಅವನಿಗೆ 13. ಫಾರ್ಮಿನ ಮೊದಲ ಪುಟದಲ್ಲಿ ಅವನೇ ಹೇಳಿದ್ದು 18. ಅವಳು ಯಾವುದನ್ನೂ ಹೊಡೆದುಹಾಕದೆ ಎರಡನ್ನೂ ಬರೆದುಕೊಂಡು ಬಂದಿದ್ದಳು.