ಪದ್ಮಿನಿಯ ನಾಲ್ಕೂ ಚಕ್ರಕ್ಕೆ ಕೆಲಸ

ಕಳೆದ ಮಳೆಗಾಲದಲ್ಲಿ ಪುಣೆ ಬಳಿಯ ಸಾಸವಡದ ಆಚೆ, ಗೆಳೆಯನ ಹೊಲಕ್ಕೆ ಹೋಗುವ ದಾರಿಯಲ್ಲಿ ನಮ್ಮ ಹಳೆಯ ಪ್ರೀಮಿಯರ್ ಪದ್ಮಿನಿ ಕಾರು ಹೂತುಕೊಂಡಿತು. ಕಪ್ಪು ಎರೆ ಮಣ್ಣು, ರಾತ್ರಿಯಿಡೀ ಸುರಿದ ಮಳೆ, ಎದುರಿಗೆ ಸಣ್ಣದೊಂದು ಏರು. ಮಗ ಆಕ್ಸಲರೇಟರ್ ಒತ್ತಿದ, ನಾನು ಇಳಿದು ಹಿಂದೆ ನಿಂತೆ. ಹಿಂದಿನ ಎಡ ಚಕ್ರ ಬುಗುರಿಯಂತೆ ತಿರುಗಿ ನನ್ನ ಮೊಣಕಾಲಿನವರೆಗೂ ಕೆಸರು ಎರಚಿತು. ಬಲ ಚಕ್ರ ಗಟ್ಟಿ ನೆಲದ ಮೇಲೆಯೇ ಇತ್ತು, ಆದರೂ ಕದಲಲಿಲ್ಲ. ಅದರ ಟೈರಿಗೆ ಅಂಟಿದ್ದ ಗರಿಕೆಯ ಎಸಳೊಂದು ಇದ್ದಲ್ಲೇ ಇತ್ತು.

ಕಾರು ಅಪ್ಪನದು. ನಾನು ಕೆಲಸಕ್ಕೆಂದು ಪುಣೆಗೆ ಬಂದ ವರ್ಷ ಅವರೇ ಧಾರವಾಡದಿಂದ ಓಡಿಸಿಕೊಂಡು ಬಂದು ಕೋಥರೂಡಿನ ನಮ್ಮ ಮನೆಯ ಮುಂದೆ ನಿಲ್ಲಿಸಿದ್ದರು. ಮುಂಬೈನ ಕುರ್ಲಾದಲ್ಲಿ ಹುಟ್ಟಿದ ಈ ಜಾತಿಯ ಕೊನೆಯ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಆ ನಗರದ ರಸ್ತೆ ಬಿಟ್ಟವು. ನಮ್ಮದು ಇನ್ನೂ ಓಡುತ್ತಿದೆ. ಆ ಗರಿಕೆಯ ಎಸಳು ಕಂಡ ದಿನದಿಂದ ನನಗೆ ಒಂದೇ ಹಂಬಲ: ಈಗ ಹಿಂದಿನ ಎರಡೇ ಚಕ್ರಗಳಿಂದ ಓಡುವ ಇದರ ನಾಲ್ಕೂ ಚಕ್ರಗಳು ಎಳೆಯುವಂತಾಗಬೇಕು.

ಬಲ ಚಕ್ರ ಏಕೆ ಸುಮ್ಮನಿತ್ತು? ನಮ್ಮ ಕಡೆಯ ಕಣ ಕಂಡವರಿಗೆ ಇದನ್ನು ಹೇಳುವುದು ಸುಲಭ. ಮೇಟಿಯ ಸುತ್ತ ಸಾಲಾಗಿ ಎತ್ತು ಕಟ್ಟಿ ತುಳಿಸುವಾಗ ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದಂತೆ ನಡೆಯುತ್ತದೆ, ಹೊರಗಿನದು ಬಿರಬಿರನೆ ಹೆಜ್ಜೆ ಹಾಕಬೇಕು. ತಿರುವಿನಲ್ಲಿ ಕಾರಿನ ಒಳಚಕ್ರ ಮತ್ತು ಹೊರಚಕ್ರಗಳ ಪಾಡೂ ಇದೇ. ಎರಡನ್ನೂ ಒಂದೇ ಸಲಾಕೆಗೆ ಬಿಗಿದರೆ ಟೈರು ಉಜ್ಜಿಹೋಗುತ್ತದೆ. ಆದ್ದರಿಂದ ನಡುವೆ ಡಿಫರೆನ್ಷಿಯಲ್ ಕೂರಿಸುತ್ತಾರೆ. ಅದು ಎರಡೂ ಚಕ್ರಗಳಿಗೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುತ್ತದೆ, ಆದರೆ ತಿರುಚುವ ಬಲವನ್ನು ಮಾತ್ರ ಎರಡಕ್ಕೂ ಸಮನಾಗಿ ಹಂಚುತ್ತದೆ. ಕೆಸರಿನಲ್ಲಿರುವ ಚಕ್ರ ತಿರುಗಲು ಎಷ್ಟು ಕಡಿಮೆ ಬಲ ಸಾಕೋ, ಗಟ್ಟಿ ನೆಲದ ಚಕ್ರಕ್ಕೂ ಅಷ್ಟೇ ಸಿಗುತ್ತದೆ. ನಾಲ್ಕು ಚಕ್ರದ ಚಾಲನೆಯಲ್ಲೂ ಈ ತೊಂದರೆ ಪೂರ್ತಿ ಹೋಗುವುದಿಲ್ಲ. ಮುಂದೊಂದು, ಹಿಂದೊಂದು ಚಕ್ರ ಒಟ್ಟಿಗೆ ಜಾರಿದರೆ ಜೀಪು ಕೂಡ ನಿಂತುಬಿಡುತ್ತದೆ.

ಎಂಜಿನ್ ದೊಡ್ಡದು ಹಾಕಿಸಿ ಎಂದು ಸಲಹೆ ಕೊಟ್ಟವರು ಬಹಳ. ಲೆಕ್ಕ ಬೇರೆಯೇ ಹೇಳುತ್ತದೆ. ಜನರೂ ಸೇರಿ ಕಾರಿನ ತೂಕ 1,100 ಕಿಲೋ, ಅದರ ಅರ್ಧ ಹಿಂದಿನ ಚಕ್ರಗಳ ಮೇಲೆ ಎಂದಿಟ್ಟುಕೊಳ್ಳೋಣ. ಒದ್ದೆ ಮಣ್ಣಿನ ಘರ್ಷಣೆಯ ಗುಣಾಂಕ, ಅಂದರೆ ತೂಕದಲ್ಲಿ ಹಿಡಿತವಾಗಿ ಒದಗುವ ಪಾಲು, 0.3 ಎಂದರೆ ಹಿಂದಿನ ಚಕ್ರಗಳು ನೆಲವನ್ನು ಹಿಡಿದು ತಳ್ಳಬಲ್ಲದ್ದು 165 ಕಿಲೋ ತೂಕದಷ್ಟು ಬಲ. ನೂರು ಮೀಟರಿಗೆ ಹದಿನೈದು ಮೀಟರ್ ಏರುವ ದಾರಿಯಲ್ಲಿ ಕಾರನ್ನು ಹಿಂದಕ್ಕೆಳೆಯುವ ಬಲವೂ ಸುಮಾರು ಅಷ್ಟೇ. ಅಲ್ಲಿಗೆ ಆಟ ಮುಗಿಯಿತು. ಪದ್ಮಿನಿಯ 1,089 ಸಿಸಿ ಎಂಜಿನ್ ಮಾತ್ರ ಒಂದನೇ ಗೇರಿನಲ್ಲಿ 400 ಕಿಲೋ ತೂಕದಷ್ಟು ಬಲದಿಂದ ಚಕ್ರವನ್ನು ತಿರುವಬಲ್ಲದು! ಕೊಡುವ ಕೈ ದೊಡ್ಡದಿದ್ದರೂ ನೆಲದ ಬೊಗಸೆ ಚಿಕ್ಕದು. ನಾಲ್ಕೂ ಚಕ್ರಗಳಿಗೆ ಕೆಲಸ ಕೊಟ್ಟರೆ ಕಾರಿನ ಇಡೀ ತೂಕ ಹಿಡಿತಕ್ಕೆ ಒದಗುತ್ತದೆ, ಅದೇ ಎಂಜಿನ್ ನೂರಕ್ಕೆ ಮೂವತ್ತರ ಏರನ್ನು ಹತ್ತಬಹುದು.

ಇನ್ನು ಮುಂದಿನ ಚಕ್ರಗಳಿಗೆ ಬಲ ಮುಟ್ಟಿಸುವ ಬಗೆ. ಇಲ್ಲಿ ಮಾರುತಿ ಜಿಪ್ಸಿ ನೆರವಿಗೆ ಬರುತ್ತದೆ. ಅದರ ಟ್ರಾನ್ಸ್‌ಫರ್ ಕೇಸ್, ಅಂದರೆ ಬಲವನ್ನು ಹಿಂದಕ್ಕೂ ಮುಂದಕ್ಕೂ ಕವಲೊಡೆಸುವ ಪೆಟ್ಟಿಗೆ, ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ನಡುವೆ ಗಿಡ್ಡ ಶಾಫ್ಟ್ ಇದೆ. ಹೀಗೆ ಬಿಡಿಯಾಗಿರುವುದರಿಂದ ಬೇರೆ ಕಾರಿನ ಹೊಟ್ಟೆಯಡಿಗೂ ಅದನ್ನು ತೂಗುಹಾಕಬಹುದು. ಆದರೆ 970 ಸಿಸಿಯ ಹಳೆಯ ಜಿಪ್ಸಿಯ ಪೆಟ್ಟಿಗೆಯಲ್ಲಿ ರಸ್ತೆಗೆಂದು ಇರುವ ಗೇರಿನ ಅನುಪಾತವೇ 1.58, ಅಂದರೆ ಒಳಗೆ 1.58 ಸುತ್ತು ಹೋದರೆ ಹೊರಗೆ ಬರುವುದು ಒಂದೇ ಸುತ್ತು. ಅದನ್ನು ಹಾಕಿದರೆ ಸಾತಾರಾ ಹೆದ್ದಾರಿಯಲ್ಲಿ 60ರ ವೇಗಕ್ಕೆ ಎಂಜಿನ್ ಈಗಿನ 95ರಷ್ಟು ಸುತ್ತಬೇಕು. ಕೆಸರಿನಲ್ಲಿ ವರವಾದದ್ದು ಹೆದ್ದಾರಿಯಲ್ಲಿ ಶಿಕ್ಷೆ. ಜಿಪ್ಸಿ ಕಿಂಗ್‌ನಲ್ಲಿ ಆ ಅನುಪಾತ 1.41. ನಾನು ಹುಡುಕುತ್ತಿರುವುದು ಅದನ್ನೇ.

ಎಡಬಲ ಚಕ್ರಗಳನ್ನು ತಿರುಗಿಸುವ ಹಿಂದಿನ ಆಕ್ಸಲ್‌ನ ಅನುಪಾತವನ್ನು, ಅಂದರೆ ಚಕ್ರಗಳು ಒಂದು ಸುತ್ತು ಬರಲು ಶಾಫ್ಟ್ ಎಷ್ಟು ಸುತ್ತಬೇಕೆಂಬುದನ್ನು, ಕೈಯಾರೆ ಅಳೆದೆ. ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿ, ಟೈರಿಗೂ, ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದ ಗೆರೆ ಎಳೆದು, ಗೇರನ್ನು ನ್ಯೂಟ್ರಲ್‌ಗೆ ತಂದೆ. ಒಂದೇ ಚಕ್ರ ತಿರುಗುವಾಗ ಡಿಫರೆನ್ಷಿಯಲ್‌ನ ಕ್ರೌನ್ ಎಂಬ ದೊಡ್ಡ ಗೇರು ಅರ್ಧ ಸುತ್ತು ಮಾತ್ರ ಹೋಗುವುದರಿಂದ ಟೈರನ್ನು ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಶಾಫ್ಟ್ ನಾಲ್ಕು ಸುತ್ತು ಮುಗಿಸಿ, ಐದನೆಯದರಲ್ಲಿ ಕಾಲು ಭಾಗವನ್ನು ತುಸು ದಾಟಿ ನಿಂತಿತು: 4.3. ಹಳೆಯ ಜಿಪ್ಸಿಯ ಆಕ್ಸಲ್ 4.11. ಹಿಂದೆ ಅಪ್ಪನ ಆಕ್ಸಲ್ ಉಳಿಸಿಕೊಂಡು ಮುಂದೆ ಮಾತ್ರ ಜಿಪ್ಸಿಯದನ್ನು ಹಾಕಿದರೆ ಪ್ರತಿ ನೂರು ಮೀಟರಿಗೆ ನಾಲ್ಕೈದು ಮೀಟರಿನಷ್ಟು ಮುಂದಿನ ಚಕ್ರಗಳಿಗೂ ಹಿಂದಿನವಕ್ಕೂ ಜಗ್ಗಾಟ. ಹಾಗಾಗಿ ಎರಡೂ ಆಕ್ಸಲ್ ಒಂದೇ ವಾಹನದಿಂದ ಬರಬೇಕು. ಮನಸ್ಸಿಗೆ ಕಷ್ಟವಾಯಿತು, ಆದರೂ ಒಪ್ಪಿಕೊಂಡೆ.

ಅನುಪಾತ ಹೊಂದಿದರೂ ತಿರುವಿನ ಸಮಸ್ಯೆ ಉಳಿಯುತ್ತದೆ. ಪದ್ಮಿನಿಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2.34 ಮೀಟರ್. ಹಿಂದಿನ ಆಕ್ಸಲ್ ಐದು ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ, ಪೈಥಾಗೊರಸ್ ಪ್ರಕಾರ ಮುಂದಿನದರ ತ್ರಿಜ್ಯ 5.52. ಗಲ್ಲಿಯ ಮೂಲೆಯಲ್ಲಿ ಕಾಲು ಸುತ್ತು ತಿರುಗುವಷ್ಟರಲ್ಲಿ ಮುಂದಿನ ಚಕ್ರಗಳು 80 ಸೆಂಟಿಮೀಟರ್ ಹೆಚ್ಚು ನಡೆದಿರುತ್ತವೆ, ಹೆಚ್ಚುಕಡಿಮೆ ಟೈರಿನ ಅರ್ಧ ಸುತ್ತು. ಜಿಪ್ಸಿಯ ಪೆಟ್ಟಿಗೆಯಲ್ಲಿ ಮುಂದು ಹಿಂದಿನ ನಡುವೆ ಡಿಫರೆನ್ಷಿಯಲ್ ಇಲ್ಲ. ಕೆಸರಿನಲ್ಲಿ ಟೈರು ಜಾರಿ ಈ ಲೆಕ್ಕ ಚುಕ್ತಾ ಆಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಜಾಗವಿಲ್ಲ, ಶಾಫ್ಟುಗಳು ಒಳಗೊಳಗೇ ಹುರಿಗೊಳ್ಳುತ್ತವೆ, ಸ್ಟೀರಿಂಗ್ ಭಾರವಾಗುತ್ತದೆ, ಕೊನೆಗೆ ದುರ್ಬಲವಾದದ್ದು ಮುರಿಯುತ್ತದೆ. ಆದ್ದರಿಂದ ಒಣ ರಸ್ತೆಯಲ್ಲಿ ಎರಡು ಚಕ್ರದ ಚಾಲನೆಯಲ್ಲೇ ಓಡಿಸಬೇಕು.

ಮುಂದಿನ ಚಕ್ರಗಳು ಎಳೆಯುತ್ತಲೇ ಎಡಬಲಕ್ಕೆ ಹೊರಳಲೂ ಬೇಕು. 17ನೇ ಶತಮಾನದಲ್ಲಿ ರಾಬರ್ಟ್ ಹುಕ್ ವಿವರಿಸಿದ, ಶಾಫ್ಟ್ ಬಾಗಿದರೂ ತಿರುಗಲು ಬಿಡುವ, ನಮ್ಮ ಮೆಕ್ಯಾನಿಕ್‌ಗಳು ಕ್ರಾಸ್ ಎನ್ನುವ ಜಾಯಿಂಟ್ ಇಲ್ಲಿ ಸೋಲುತ್ತದೆ. 30 ಡಿಗ್ರಿ ಬಾಗಿದಾಗ ಅದರ ಆಚೆಯ ತುದಿ ಪ್ರತಿ ಸುತ್ತಿನಲ್ಲೂ ಎರಡು ಸಲ ನೂರಕ್ಕೆ 15ರಷ್ಟು ಮುಂದೋಡಿ, ಎರಡು ಸಲ 13ರಷ್ಟು ಹಿಂದೆ ಬೀಳುತ್ತದೆ. ಕೈಯಲ್ಲಿ ಸ್ಟೀರಿಂಗ್ ಒದೆಯುತ್ತದೆ. 1920ರ ದಶಕದಲ್ಲಿ ಆಲ್ಫ್ರೆಡ್ ಝೆಪ್ಪಾ ಇದಕ್ಕೆ ಪರಿಹಾರ ಕಂಡುಕೊಂಡರು: ಬಾಗಿದ ಕಾಲುವೆಗಳಲ್ಲಿ ಆರು ಉಕ್ಕಿನ ಗುಂಡು, ಕೋನ ಎಷ್ಟೇ ಇರಲಿ ಅವು ಸರಿಯಾಗಿ ಅದರ ಅರ್ಧದಲ್ಲೇ ನಿಲ್ಲುತ್ತವೆ. ಆಗ ಎರಡೂ ತುದಿಗಳ ವೇಗ ಸದಾ ಒಂದೇ. ಜಿಪ್ಸಿಯ ಮುಂದಿನ ಆಕ್ಸಲ್‌ನಲ್ಲಿ ಇರುವುದು ಈ ಬಗೆಯದೇ.

ಇಂಥ ಕಾರನ್ನು ಮೊದಲೇ ಮಾಡಿದವರಿದ್ದಾರೆ. 1955ರಿಂದ 1958ರವರೆಗೆ ಸೋವಿಯತ್ ಎಂಜಿನಿಯರುಗಳು ಪೊಬೇಡಾ ಎಂಬ ಕುಟುಂಬದ ಕಾರಿಗೆ ಗಾಜ್-69 ಜೀಪಿನ ಅಂಗಾಂಗಗಳನ್ನು ಜೋಡಿಸಿ ಎಂ-72 ಕಟ್ಟಿದರು. ತಯಾರಾದದ್ದು 4,677 ಕಾರು. ಪೊಬೇಡಾಕ್ಕೂ ಪದ್ಮಿನಿಗೂ ಕೆಳಗೆ ಪ್ರತ್ಯೇಕ ಚಾಸಿ ಇಲ್ಲ, ಮೈಯೇ ಮೂಳೆ. ಜೀಪಿನ ಆಕ್ಸಲ್ ಹಳ್ಳಕ್ಕೆ ಬಿದ್ದಾಗಿನ ಪೆಟ್ಟು ನೇರವಾಗಿ ತಗಡಿಗೆ ತಟ್ಟುತ್ತದೆ. ಅವರು ಮೈಯನ್ನು ಬಲಪಡಿಸಿದರು, ನಾನೂ ಉದ್ದಕ್ಕೆ ಎರಡು ತೊಲೆ ಬೆಸೆಯಬೇಕು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ನಿಂತಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದ್ದರಿಂದ ಗ್ರೈಂಡರ್ ಹಿಡಿಯುವ ಮೊದಲು ಆರ್‌ಟಿಒ ಮೆಟ್ಟಿಲು ಹತ್ತಬೇಕು.

ಸದ್ಯಕ್ಕೆ ನನ್ನನ್ನು ಕಟ್ಟಿಹಾಕಿರುವುದು ಎಂಜಿನ್ನಿನ ಕೆಳಗಿನ ಎಣ್ಣೆಯ ತೊಟ್ಟಿ, ಅಂದರೆ ಸಂಪ್. ನಾಲ್ಕಿಂಚಿನ ಪಿವಿಸಿ ಕೊಳವೆಯಲ್ಲಿ ಸುಳ್ಳು ಆಕ್ಸಲ್ ಮಾಡಿ ಕಾರಿನಡಿ ಇಟ್ಟು ನೋಡಿದೆ. ಈಗಿನ ಎತ್ತರದಲ್ಲಿ ಅದು ಸಂಪಿನ ಹೊಟ್ಟೆಯನ್ನೇ ಸೀಳಬೇಕಾಗುತ್ತದೆ. ಕಾರನ್ನು ಎತ್ತರಿಸಿದರೆ ಜಾಗ ಸಿಗುತ್ತದೆ, ಆದರೆ ಎಡಬಲ ಚಕ್ರಗಳ ನಡುವೆ 1.2 ಮೀಟರ್ ಇರುವ ಕಾರಿನ ಗುರುತ್ವ ಕೇಂದ್ರ 55 ಸೆಂಟಿಮೀಟರಿನಿಂದ 65ಕ್ಕೆ ಏರಿದರೆ, ಪಕ್ಕಕ್ಕೆ ಉರುಳುವ ಕೋನ 47 ಡಿಗ್ರಿಯಿಂದ 43ಕ್ಕೆ ಇಳಿಯುತ್ತದೆ. ಮಕ್ಕಳು ಕೂರುವ ಕಾರು. ಎತ್ತರಿಸುವುದನ್ನು ಆದಷ್ಟು ಕಡಿಮೆ ಮಾಡಿ, ಸಂಪಿನ ಆಕಾರವನ್ನೇ ಬದಲಿಸುವುದು ಮೇಲು.

ನಾನಾ ಪೇಟೆಯಲ್ಲಿ ಹಳೆಯದೊಂದು ಸಂಪ್ ಸಿಕ್ಕಿತು. ಭೋಸರಿಯಲ್ಲಿ ಬೆಸುಗೆ ಅಂಗಡಿ ಇಟ್ಟಿರುವ ವಿಜಯಪುರದ ಗೆಳೆಯ ಅದರ ಮುಂಭಾಗವನ್ನು ತಟ್ಟೆಯಂತೆ ಮಾಡಿ, ಹಿಂಭಾಗವನ್ನು ಆಳ ಮಾಡಿಕೊಟ್ಟ. ಎಣ್ಣೆಯ ಬದಲು ನೀರು ತುಂಬಿ, ಹಲಗೆಯ ಮೇಲಿಟ್ಟು, ನೂರಕ್ಕೆ ಮೂವತ್ತರ ಏರಿಗೆ ಸಮನಾಗಿ 17 ಡಿಗ್ರಿ ವಾಲಿಸಿದೆ. ಏರುವ ದಿಕ್ಕಿನಲ್ಲಿ ನೀರು ಹಿಂದಕ್ಕೆ ಸರಿದು ಎಣ್ಣೆ ಹೀರುವ ಪಂಪಿನ ಜರಡಿ ಪೂರ್ತಿ ಮುಳುಗಿತು. ಇಳಿಯುವ ದಿಕ್ಕಿನಲ್ಲಿ ವಾಲಿಸಿದಾಗ ನೀರೆಲ್ಲ ಮುಂದಿನ ತಟ್ಟೆಗೆ ಓಡಿ, ಜರಡಿಯ ಅರ್ಧ ಗಾಳಿಗೆ ತೆರೆದುಕೊಂಡಿತು. ನಿಜವಾದ ಘಾಟಿಯಲ್ಲಿ ಹೀಗಾದರೆ ಬೇರಿಂಗುಗಳಿಗೆ ಎಣ್ಣೆ ನಿಂತುಹೋಗುತ್ತದೆ. ಈ ಭಾನುವಾರ ನಡುವೆ ತಗಡಿನ ಅಡ್ಡಗೋಡೆ ಬೆಸೆದು, ಅದಕ್ಕೆ ಹಿಂದಕ್ಕೆ ಮಾತ್ರ ತೆರೆಯುವ ಪುಟ್ಟ ಕದ ಇಟ್ಟು, ಮತ್ತೆ ನೀರು ತುಂಬಿ ನೋಡಬೇಕು.