ಗ್ಲುಟನ್ ಫ್ರೀ: ಪೊಟ್ಟಣದ ಮೇಲಿನ ಮಾತು, ಒಳಗಿನ ತಿಂಡಿ

ತುಮಕೂರಿನ ದೊಡ್ಡ ಅಂಗಡಿಗಳಲ್ಲಿ ಈಗ ಬಿಸ್ಕತ್ತಿನ ಸಾಲಿನಲ್ಲೇ ‘ಗ್ಲುಟನ್ ಫ್ರೀ’ ಅಂತ ಬರೆದ ಪೊಟ್ಟಣಗಳೂ ಸಿಗುತ್ತವೆ. ಬೆಲೆ ಮಾಮೂಲಿ ಬಿಸ್ಕತ್ತಿಗಿಂತ ತುಂಬಾ ಜಾಸ್ತಿ. ಆರೋಗ್ಯಕ್ಕೆ ಒಳ್ಳೆಯದಂತೆ ಅಂತ ಎಷ್ಟೋ ಜನ ಕೊಳ್ಳುತ್ತಾರೆ. ಆದರೆ ಆ ಎರಡು ಪದ ಹೇಳುವುದು ಒಂದೇ ವಿಷಯ: ಒಳಗೆ ಗ್ಲುಟನ್ ಇಲ್ಲ. ಸಕ್ಕರೆ ಎಷ್ಟಿದೆ, ಎಣ್ಣೆ ಯಾವುದು, ಹೊಟ್ಟೆಗೆ ಹಿತವೋ ಅಲ್ಲವೋ, ಇದ್ಯಾವುದನ್ನೂ ಅದು ಹೇಳುವುದಿಲ್ಲ.

ಗ್ಲುಟನ್ ಅಂದರೆ ಗೋಧಿಯಲ್ಲಿರುವ ಪ್ರೋಟೀನು. ಬಾರ್ಲಿಯಲ್ಲಿ, ರೈ ಅನ್ನುವ ಧಾನ್ಯದಲ್ಲಿ ಇರುವುದೂ ಅದೇ ಜಾತಿಯದು. ಒಬ್ಬಟ್ಟಿಗೆ ಕಣಕ ನಾದಿದ್ದರೆ ಅದು ನಿಮ್ಮ ಕೈಗೆ ಗೊತ್ತು. ನಾದಿದಷ್ಟೂ ಹಿಟ್ಟು ಎಳೆ ಎಳೆಯಾಗಿ ಹಿಗ್ಗುತ್ತದಲ್ವಾ, ಆ ಎಳೆತ ಕೊಡುವುದೇ ಗ್ಲುಟನ್. ಮೈದಾ ಮುದ್ದೆಯನ್ನು ಬಟ್ಟಲು ನೀರಿನಲ್ಲಿ ಹಿಚುಕಿ ಹಿಚುಕಿ ತೊಳೆದು ನೋಡಿ. ಬಿಳಿ ಪಿಷ್ಟವೆಲ್ಲ ನೀರಿಗೆ ಹೋಗಿ, ಕೈಯಲ್ಲಿ ರಬ್ಬರಿನಂಥ ಚಿಕ್ಕ ಉಂಡೆ ಉಳಿಯುತ್ತದೆ. ಅಕ್ಕಿ, ರಾಗಿ, ಜೋಳ, ನವಣೆ, ಸಾಮೆಗಳಲ್ಲಿ ಇದು ಇಲ್ಲ. ಅದಕ್ಕೇ ಅಕ್ಕಿ ರೊಟ್ಟಿಯನ್ನು ಎಳೆಯಲು ಆಗುವುದಿಲ್ಲ, ತಟ್ಟಬೇಕು.

ಇದನ್ನು ನಿಜಕ್ಕೂ ಬಿಡಬೇಕಾದವರು ಸೀಲಿಯಾಕ್ ಕಾಯಿಲೆ ಇರುವವರು. ಅವರ ದೇಹ ಗ್ಲುಟನ್ ಬಂದ ಕೂಡಲೇ ತನ್ನ ಸಣ್ಣ ಕರುಳಿನ ಮೇಲೇ ತಿರುಗಿ ಬೀಳುತ್ತದೆ. ಊಟದ ಸಾರ ಹೀರುವ ಕೂದಲಿನಂಥ ಎಳೆಗಳು ಸವೆದು ಹೋಗುತ್ತವೆ. ಮಗು ಬೆಳೆಯುವುದಿಲ್ಲ, ಮೈಯಲ್ಲಿ ರಕ್ತ ಹಿಡಿಯುವುದಿಲ್ಲ, ಹೊಟ್ಟೆ ಉಬ್ಬರ, ಬೇಧಿ. ನೆದರ್‌ಲ್ಯಾಂಡ್ಸ್‌ನ ಮಕ್ಕಳ ಡಾಕ್ಟರು ವಿಲ್ಲೆಮ್ ಡಿಕೆ ಅವರಿಗೆ ಗೋಧಿ ಮೇಲೆ ಮೊದಲೇ ಅನುಮಾನ ಇತ್ತು. 1944-45ರ ಯುದ್ಧದ ಬರಗಾಲದಲ್ಲಿ ಬ್ರೆಡ್ಡು ಸಿಗದೇ ಹೋದಾಗ ಈ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮತ್ತೆ ಬಂದ ಮೇಲೆ ಹದಗೆಟ್ಟರು. 1950ರಲ್ಲಿ ಅವರು ಇದನ್ನು ಪ್ರಬಂಧವಾಗಿ ಬರೆದರು. ಈ ಕಾಯಿಲೆಗೆ ಇವತ್ತಿಗೂ ಔಷಧಿ ಅಂದರೆ ಊಟದಿಂದ ಗ್ಲುಟನ್ ತೆಗೆಯುವುದು, ಅದೂ ಜೀವನಪೂರ್ತಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅನುಮಾನ ಇದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಗೋಧಿ ಬಿಡಿ. ಮೊದಲೇ ಬಿಟ್ಟರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣಿಸದೇ ಹೋಗಬಹುದು.

ಪೊಟ್ಟಣಕ್ಕೆ ಬರೋಣ. ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮ, ಅಂದರೆ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ, ಗ್ಲುಟನ್ ಫ್ರೀ ಅಂತ ಬರೆಯಬೇಕಾದರೆ 1 ಕಿಲೋ ತಿಂಡಿಯಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇರುವಂತಿಲ್ಲ. 20ರಿಂದ 100ರ ನಡುವೆ ಇದ್ದರೆ ಅದು ‘ಲೋ ಗ್ಲುಟನ್’. ಇವೆರಡೂ ಒಂದೇ ಅಲ್ಲ. ‘ಮಲ್ಟಿಗ್ರೇನ್’ ಅಂತೂ ಬೇರೆಯೇ. ಎಷ್ಟೋ ಸಲ ಅದರಲ್ಲಿ ಮೊದಲ ಧಾನ್ಯವೇ ಗೋಧಿ.

ನಮ್ಮ ಅಕ್ಕನ ಮಗಳಿಗೆ ಈ ಕಾಯಿಲೆ ಇದೆ. ಅವಳಿಗಾಗಿ ಇಂಥ ಬಿಸ್ಕತ್ತು ತಂದು ತಂದು ನನಗೆ ಒಂದು ಅಭಿಪ್ರಾಯ ಮೂಡಿದೆ. ಅಕ್ಕಿ ಹಿಟ್ಟು, ಮೆಕ್ಕೆಜೋಳದ ಪಿಷ್ಟ, ಮರಗೆಣಸಿನ ಪಿಷ್ಟ, ಇಷ್ಟರಲ್ಲೇ ಮಾಡಿದ ಬಿಸ್ಕತ್ತು ಬಾಯಲ್ಲಿ ಮರಳು ಮರಳಾಗುತ್ತದೆ. ಚಹಾದಲ್ಲಿ ಅದ್ದಿದರೆ ಅರ್ಧ ಲೋಟದ ತಳಕ್ಕೆ. ಹಿಟ್ಟನ್ನು ಹಿಡಿದಿಡುವ ಗ್ಲುಟನ್ ಇಲ್ಲವಲ್ಲ, ಅದಕ್ಕೆ ಗೋಂದು ಹಾಕುತ್ತಾರೆ. ಪೊಟ್ಟಣದ ಹಿಂದಿನ ಪಟ್ಟಿಯಲ್ಲಿ ಐಎನ್‌ಎಸ್ (ತಿಂಡಿಗೆ ಬೆರೆಸುವ ಇಂಥ ವಸ್ತುಗಳಿಗೆ ಕೊಟ್ಟಿರುವ ನಂಬರು) 415 ಅಂದರೆ ಝಾಂತನ್ ಗಮ್, 412 ಅಂದರೆ ಗೌರ್ ಗಮ್. ಹೆದರುವಂಥದ್ದೇನಲ್ಲ. ಗೌರ್ ಗಮ್ ನಮ್ಮ ಗೋರಿಕಾಯಿಯ ಬೀಜದಿಂದಲೇ ತೆಗೆಯುವುದು. ರುಚಿ ಸಾಲದ್ದಕ್ಕೆ ಸಕ್ಕರೆ, ಕೊಬ್ಬು ಜಾಸ್ತಿ ಸುರಿದಿದ್ದಾರಾ ಅನ್ನುವುದನ್ನು ಮಾತ್ರ ನೋಡಿಕೊಳ್ಳಬೇಕು. ಬಾದಾಮಿ ಹಿಟ್ಟಿನವು ರುಚಿಯಲ್ಲಿ ಎಲ್ಲಕ್ಕಿಂತ ಮೇಲು, ಬೆಲೆಯಲ್ಲೂ ಮೇಲು. ನನ್ನ ಮಟ್ಟಿಗೆ ರಾಗಿ, ಬೆಲ್ಲ, ತುಪ್ಪ ಸೇರಿಸಿ ಮಾಡಿದ್ದೇ ಸರಿ. ಅದು ಗೋಧಿ ಬಿಸ್ಕತ್ತಿನ ಹಾಗೆ ಇರಲು ಹೋಗದೆ ರಾಗಿಯ ಹಾಗೇ ಇರುತ್ತದೆ. ಮುರಿದರೆ ಪುಡಿಯಾಗುತ್ತದೆ, ಆದರೆ ಘಮ್ಮನ್ನುತ್ತದೆ.

ಆದರೆ ರಾಗಿ ಬಿಸ್ಕತ್ತು ಅಂದ ಮಾತ್ರಕ್ಕೆ ನಂಬಬೇಡಿ. ಪೊಟ್ಟಣದ ಮುಂದೆ ದೊಡ್ಡದಾಗಿ ರಾಗಿ ತೆನೆ ಇರುತ್ತದೆ. ತಿರುಗಿಸಿ ಓದಿದರೆ ಪಟ್ಟಿಯಲ್ಲಿ ಮೊದಲ ಹೆಸರು ಮೈದಾ ಆಗಿರಬಹುದು. ಯಾವುದು ತೂಕದಲ್ಲಿ ಹೆಚ್ಚೋ ಅದನ್ನೇ ಮೊದಲು ಬರೆಯಬೇಕು ಅನ್ನುವುದು ನಿಯಮ. ಬೇಕರಿಯಲ್ಲಿ ಬಿಡಿಯಾಗಿ ತೂಗಿ ಕೊಡುವುದಕ್ಕೆ ಪಟ್ಟಿಯೇ ಇರುವುದಿಲ್ಲ. ಕೇಳಲೇಬೇಕು. ಮಾಲ್ಟ್ ಅನ್ನುವ ಪದದಲ್ಲೂ ಜನ ಎಡವುತ್ತಾರೆ. ನಾವು ಮನೆಯಲ್ಲಿ ರಾಗಿ ಮೊಳಕೆ ಕಟ್ಟಿ ಮಾಡುವ ರಾಗಿ ಮಾಲ್ಟ್‌ನಿಂದ ತೊಂದರೆ ಇಲ್ಲ. ಬಿಸ್ಕತ್ತು, ಕಾರ್ನ್ ಫ್ಲೇಕ್ಸ್ ಪಟ್ಟಿಯಲ್ಲಿ ಬರುವ ‘ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್’ ಸಾಮಾನ್ಯವಾಗಿ ಬಾರ್ಲಿಯದು.

ಅಷ್ಟು ದುಡ್ಡು ಕೊಟ್ಟು ಪೊಟ್ಟಣ ತರುವ ಮೊದಲು ನಮ್ಮ ಕಡೆಯ ತಿಂಡಿಗಳನ್ನೇ ಒಮ್ಮೆ ನೋಡಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಬೀಳುವುದು ಅಕ್ಕಿ, ಉದ್ದು. ಕಡ್ಲೆಪುರಿ, ಹುರಿಗಡಲೆ, ಎಳ್ಳುಂಡೆ, ಪಾವಗಡ-ಶಿರಾ ಕಡೆಯ ಕಡ್ಲೆಕಾಯಿಗೆ ಬೆಲ್ಲದ ಪಾಕ ಹಾಕಿದ ಚಿಕ್ಕಿ, ಯಾವುದಕ್ಕೂ ಗೋಧಿ ಬೇಕಿಲ್ಲ. ಕಾಂಡಿಮೆಂಟ್ಸ್ ಅಂಗಡಿಯ ತಿಂಡಿ ಮಾತ್ರ ವಿಚಾರಿಸಿಯೇ ತರಬೇಕು. ನಿಪ್ಪಟ್ಟು, ಕೋಡುಬಳೆ ಅಕ್ಕಿ ಹಿಟ್ಟಿನವೇ, ಆದರೆ ಗರಿಗರಿಯಾಗಲಿ ಅಂತ ಚಿರೋಟಿ ರವೆ, ಮೈದಾ ಸೇರಿಸುವುದು ಮಾಮೂಲು. ಚಕ್ಕುಲಿಗೆ ಅದು ಬೇಡ. ಚಕ್ಕುಲಿಯಲ್ಲಿ ಅಪಾಯ ಇರುವುದು ಇಂಗಿನಲ್ಲಿ. ಬರೀ ಇಂಗು ತುಂಬಾ ಖಾರ ವಾಸನೆ, ಅದಕ್ಕೇ ಹಿಟ್ಟು ಬೆರೆಸಿ ಮಾರುತ್ತಾರೆ. ಆ ಹಿಟ್ಟು ಬಹಳ ಸಲ ಗೋಧಿ ಅಥವಾ ಮೈದಾ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಡಬ್ಬಿಯ ಹಿಂದೆ ಓದಿ ತನ್ನಿ.

ಇನ್ನು ಹಿಟ್ಟಿನ ಮಿಲ್ಲು. ರಾಗಿ ಶುದ್ಧವಾಗಿಯೇ ಮನೆಯಿಂದ ಹೋಗುತ್ತದೆ. ಹಿಂದಿನವರು ಗೋಧಿ ಬೀಸಿಸಿದ ಕಲ್ಲಿನಲ್ಲೇ ಅದೂ ಬೀಳುತ್ತದೆ. ನಿಮ್ಮ ಚೀಲಕ್ಕೆ ಮೊದಲು ಉದುರುವುದು ಅವರ ಗೋಧಿ ಹಿಟ್ಟು. ಸೀಲಿಯಾಕ್ ಇರುವವರಿಗೆ ಅಷ್ಟೂ ಸಾಕು. ಅಕ್ಕ ಈಗ ಮನೆಯಲ್ಲೇ ಚಿಕ್ಕ ಮಿಷನ್ನು ಇಟ್ಟುಕೊಂಡಿದ್ದಾಳೆ, ಅದಕ್ಕೆ ಗೋಧಿ ಹಾಕುವುದೇ ಇಲ್ಲ. ಅದಕ್ಕೂ ಮುಂಚೆ ಮಿಲ್ಲಿಗೆ ಹೋದರೆ, “ಅಣ್ಣ, ಒಂದು ಸೇರು ಅಕ್ಕಿ ಮೊದಲು ಹಾಕಿ ಓಡಿಸಿಬಿಡಿ, ಆ ಹಿಟ್ಟು ಮನೆಗೆ ಬೇಡ, ಹಸುವಿಗೆ ಹಾಕ್ತೀವಿ” ಅನ್ನುತ್ತಿದ್ದಳು. ಅಪಾಯ ಕಮ್ಮಿಯಾಗುತ್ತಿತ್ತು, ಪೂರ್ತಿ ಹೋಗುತ್ತಿರಲಿಲ್ಲ.

ಇಂಥವರು ನಿಮ್ಮ ಮನೆಗೆ ಹಬ್ಬಕ್ಕೆ ಬರುವುದಾದರೆ ಅವರ ಚಕ್ಕುಲಿಯನ್ನು ಮೊದಲು, ಹೊಸ ಎಣ್ಣೆಯಲ್ಲಿ ಕರಿಯಿರಿ. ಪೂರಿಯಂಥ ಗೋಧಿ ತಿಂಡಿಯ ಜೊತೆ ಒಂದೇ ಡಬ್ಬಕ್ಕೆ ತುಂಬಬೇಡಿ.